ಮೊದಲು ದೋಣಿಯ ತೂಕ, ಆಮೇಲೆ ಗಾಡಿ

ದೋಣಿಯನ್ನು ಮೊದಲು ಕೊಂಡು, ಅದನ್ನು ನೀರಿನ ತನಕ ಎಳೆದೊಯ್ಯುವ ಗಾಡಿಯ ಬಗ್ಗೆ ಆಮೇಲೆ ಯೋಚಿಸಿದವರಲ್ಲಿ ನಾನೂ ಒಬ್ಬ. ಐದೂವರೆ ಮೀಟರ್ ಉದ್ದದ, ಫೈಬರ್‌ಗ್ಲಾಸ್ ಮೈಯ, ಹಿಂಬದಿಯಲ್ಲಿ 115 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಹೊತ್ತ ಹಳೆಯ ದೋಣಿ ಟ್ರೈಲರ್ ಸಮೇತ ಒಳ್ಳೆಯ ಬೆಲೆಗೆ ಸಿಕ್ಕಿತೆಂಬ ಹಿಗ್ಗಿನಲ್ಲಿ ನಮ್ಮ ಸಣ್ಣ ಕಾರಿಗೆ ಅದನ್ನು ಎಳೆಯುವ ತ್ರಾಣವಿಲ್ಲ ಎಂಬುದನ್ನು ಮರೆತೇಬಿಟ್ಟಿದ್ದೆ. ಮೊದಲ ಹಂಗಾಮು ಪೂರ್ತಿ ಸ್ನೇಹಿತನ ಪಿಕಪ್ ವಾಹನವನ್ನು ಕೇಳಿ ತಂದು ಕಾಲ ತಳ್ಳಿದೆ. ಪ್ರತಿ ಸಲ ಕೇಳುವಾಗಲೂ ನಾಲಿಗೆ ಸ್ವಲ್ಪ ಹೆಚ್ಚು ತಡವರಿಸತೊಡಗಿದಾಗ, ಬಳಸಿದ ವಾಹನವೊಂದನ್ನು ಕೊಳ್ಳಲೇಬೇಕೆಂದು ತೀರ್ಮಾನಿಸಿದೆ.

ಕೈಯಲ್ಲಿದ್ದ ಹಣ ಹೆಚ್ಚಿರಲಿಲ್ಲ. ಆದ್ದರಿಂದ ಹತ್ತು ಹನ್ನೆರಡು ವರ್ಷ ಹಳೆಯ ಗಾಡಿಗಳ ಜಾಹೀರಾತುಗಳನ್ನೇ ನೋಡುತ್ತ ಹೋದೆ. ಪ್ರತಿಯೊಂದರಲ್ಲೂ ನಾನು ಹುಡುಕುತ್ತಿದ್ದುದು ಒಂದೇ ಅಂಕಿಯನ್ನು: ಎಳೆಯುವ ಸಾಮರ್ಥ್ಯ ಎಷ್ಟು ಕಿಲೋ? ದೊಡ್ಡ ಅಂಕಿ ಕಂಡಲ್ಲಿ ಗುರುತು ಹಾಕಿದೆ, ಸಣ್ಣದು ಕಂಡಲ್ಲಿ ಮುಂದಕ್ಕೆ ಸರಿದೆ. ಎರಡು ವಾರ ಹೀಗೆಯೇ ಕಳೆದ ಮೇಲೆ, ಜೀವಮಾನವಿಡೀ ಭಾರಿ ವಾಹನಗಳ ಕೆಳಗೆ ಮಲಗಿ ಕೆಲಸ ಮಾಡಿದ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ನನ್ನ ಪಟ್ಟಿಯನ್ನು ತೋರಿಸಿದೆ. ಅವರು ಅದನ್ನು ಓದಲೇ ಇಲ್ಲ. "ನಿಮ್ಮ ದೋಣಿ ಎಷ್ಟು ತೂಗುತ್ತದೆ?" ಎಂದು ಕೇಳಿದರು. ತಯಾರಕರ ಪುಸ್ತಿಕೆಯಲ್ಲಿದ್ದಂತೆ 720 ಕಿಲೋ ಎಂದೆ. "ಅದು ಪುಸ್ತಕದ ದೋಣಿ. ನಿಮ್ಮದು ಎಷ್ಟು ತೂಗುತ್ತದೆ?" ಎಂದು ಮತ್ತೊಮ್ಮೆ ಕೇಳಿದರು.

ಪುಸ್ತಿಕೆಯ ತೂಕ ಬರಿಯ ಒಡಲಿನದು. ಎಂಜಿನ್ ಇಲ್ಲ, ಇಂಧನವಿಲ್ಲ, ಬ್ಯಾಟರಿಯಿಲ್ಲ, ಟ್ರೈಲರ್ ಅಂತೂ ಇಲ್ಲವೇ ಇಲ್ಲ. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಡಲು 720, ಔಟ್‌ಬೋರ್ಡ್ 165, ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುವುದರಿಂದ 90 ಲೀಟರಿಗೆ ಸುಮಾರು 67, ಎರಡು ಬ್ಯಾಟರಿಗಳಿಗೆ 45, ಲಂಗರು, ಸರಪಳಿ ಮತ್ತು ಹಗ್ಗಕ್ಕೆ 20, ಜೀವರಕ್ಷಕ ಜಾಕೆಟ್ಟು ಮುಂತಾದ ಸಾಮಾನುಗಳಿಗೆ 40, ಟ್ರೈಲರಿಗೆ 320. ಎಲ್ಲ ಕೂಡಿ 1,377 ಕಿಲೋ ಆಯಿತು. ನಾನು ಮನಸ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಅಂಕಿಯ ಹೆಚ್ಚುಕಡಿಮೆ ಇಮ್ಮಡಿ.

ಮರುದಿನ ಸ್ನೇಹಿತನ ಪಿಕಪ್ಪಿಗೆ ಕಟ್ಟಿ, ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಕೊಂಡೊಯ್ದು, ಟ್ರೈಲರನ್ನು ಬಿಚ್ಚಿ ಅದೊಂದನ್ನೇ ನಿಲ್ಲಿಸಿ ತೂಗಿಸಿದಾಗ ಚೀಟಿಯಲ್ಲಿ ಬಂದದ್ದು 1,490. ಲೆಕ್ಕಕ್ಕಿಂತ 113 ಕಿಲೋ ಹೆಚ್ಚು! ತೂಕದ ಯಂತ್ರವೇ ಕೆಟ್ಟಿದೆಯೆಂದು ಮೊದಲು ಭಾವಿಸಿದೆ. ಆದರೆ ಹಳೆಯ ದೋಣಿಗಳಲ್ಲಿ ನೆಲಹಾಸಿನ ಕೆಳಗೆ, ಮುಳುಗದಂತೆ ತೇಲಿಸಲೆಂದು ತುಂಬಿರುವ ಫೋಮ್ ವರ್ಷಗಳ ಕಾಲ ನೀರನ್ನು ಹೀರಿಕೊಂಡು ಕುಳಿತಿರುತ್ತದೆ ಎಂಬುದು, ಹಿಂಭಾಗದ ಹಲಗೆಯೊಂದನ್ನು ಎಬ್ಬಿಸಿ ಕೈಹಾಕಿ ಹಿಂಡಿದಾಗ ನೀರು ತೊಟ್ಟಿಕ್ಕಿದ ಮೇಲೆ ಅರ್ಥವಾಯಿತು. ಆ ನೆನೆದ ಫೋಮನ್ನು ಕಿತ್ತು ಹೊಸತನ್ನು ತುಂಬಿಸಿದ ಮೇಲೆ ತೂಕ 1,420ಕ್ಕೆ ಇಳಿಯಿತು. ಗಾಡಿ ಹುಡುಕಲು ಹೊರಟವನು ವಾರವೊಂದನ್ನು ದೋಣಿಯ ಹೊಟ್ಟೆಯೊಳಗೆ ಕಳೆದೆ. ಆದರೆ ಎಪ್ಪತ್ತು ಕಿಲೋ ನೀರನ್ನು ರಸ್ತೆಯ ಮೇಲೆ ಎಳೆಯುವುದು ತಪ್ಪಿತು.

ಎರಡನೆಯ ಅಳತೆ ಬಾಲ್ ಮೇಲಿನ ಭಾರದ್ದು. ಟ್ರೈಲರಿನ ಮೂತಿ ಗಾಡಿಯ ಹಿಂದಿನ ಹಿಚ್ ಬಾಲನ್ನು, ಅಂದರೆ ಟ್ರೈಲರನ್ನು ಸಿಕ್ಕಿಸುವ ಕೊಂಡಿಯ ಉಕ್ಕಿನ ಗುಂಡನ್ನು, ಎಷ್ಟು ಕಿಲೋ ಬಲದಿಂದ ಕೆಳಕ್ಕೆ ಒತ್ತುತ್ತದೆ ಎಂಬುದೇ ಆ ಭಾರ. ಸಾಮಾನ್ಯ ಟ್ರೈಲರುಗಳಲ್ಲಿ ಇದು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕು ಎನ್ನುತ್ತಾರೆ. ಎಂಜಿನ್ ಹಿಂಬದಿಯಲ್ಲೇ ಇರುವ ದೋಣಿಗಳ ಟ್ರೈಲರುಗಳಲ್ಲಿ ಶೇಕಡಾ 5ರಿಂದ 10ರಷ್ಟನ್ನು ಒಪ್ಪುವುದುಂಟು. ಇದು ತೀರ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರು ಬಾಲ ಅಲ್ಲಾಡಿಸತೊಡಗುತ್ತದೆ, ಮತ್ತು ಆ ಓಲಾಟ ಒಂದು ಹಂತ ದಾಟಿದರೆ ಗಾಡಿಯನ್ನೂ ಜತೆಗೆ ಎಳೆದುಕೊಂಡು ಹೋಗುತ್ತದೆ; ತೀರ ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗೂ ಬ್ರೇಕೂ ಹಿಡಿತ ಕಳೆದುಕೊಳ್ಳುತ್ತವೆ.

ಇದನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ದೇಹದ ತೂಕ ನೋಡಿಕೊಳ್ಳುವ ಮನೆಯ ತಕ್ಕಡಿಯ ಮೇಲೆ ನೇರವಾಗಿ ಇಟ್ಟರೆ ಅದು ಮುರಿದೀತೆಂಬ ಭಯವಿದ್ದರೆ, ಗಟ್ಟಿಯಾದ ಮರದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ತಕ್ಕಡಿಯ ಮೇಲೂ ಇರಿಸಿ, ಇಟ್ಟಿಗೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ ಟ್ರೈಲರಿನ ಮೂತಿಯನ್ನು ಊರಬೇಕು. ತೊಲೆಯ ಭಾರವನ್ನು ಕಳೆದು ತಕ್ಕಡಿ ತೋರಿಸುವ ಅಂಕಿಯನ್ನು ಮೂರರಿಂದ ಗುಣಿಸಿದರೆ ನಿಜವಾದ ಭಾರ ಸಿಗುತ್ತದೆ. ನನ್ನದು ಬರೀ 58 ಕಿಲೋ ಬಂತು, ಅಂದರೆ ಶೇಕಡಾ 4. ಸ್ನೇಹಿತನ ಪಿಕಪ್ಪಿನಲ್ಲಿ ಹೋಗುವಾಗ ಇಳಿಜಾರುಗಳಲ್ಲಿ ಹಿಂದೆ ಏನೋ ತೂರಾಡುತ್ತಿದ್ದಂತೆ ಅನಿಸುತ್ತಿದ್ದುದು ನನ್ನ ಭ್ರಮೆಯಲ್ಲ ಎಂದು ಆಗ ತಿಳಿಯಿತು. ದೋಣಿಯ ಮುಂತುದಿಯನ್ನು ಎಳೆದು ಕಟ್ಟುವ, ಟ್ರೈಲರಿನ ಮುಂಭಾಗದ ವಿಂಚ್ ಕಂಬವನ್ನು ಸಡಿಲಿಸಿ ದೋಣಿಯನ್ನು 20 ಸೆಂಟಿಮೀಟರ್ ಮುಂದಕ್ಕೆ ಸರಿಸಿದೆ. ಹನ್ನೊಂದು ನೂರು ಕಿಲೋ ದೋಣಿ, ಅಚ್ಚಿನಿಂದ ಬಾಲಿನವರೆಗೆ 4.8 ಮೀಟರ್, ಲೆಕ್ಕದ ಪ್ರಕಾರ 46 ಕಿಲೋ ಹೆಚ್ಚಬೇಕಿತ್ತು, ತಕ್ಕಡಿಯೂ ಅದನ್ನೇ ಹೇಳಿತು: 104. ಶಾಲೆಯಲ್ಲಿ ಕಲಿತ ಸನ್ನೆಕೋಲಿನ ತತ್ತ್ವ ಇಷ್ಟು ವರ್ಷಗಳ ಮೇಲೆ ಹೀಗೆ ಕೆಲಸಕ್ಕೆ ಬಂದದ್ದು ನನಗೇ ಸೋಜಿಗ.

ಈಗ ನನ್ನ ಕೈಯಲ್ಲಿ ಎರಡು ಗಟ್ಟಿ ಅಂಕಿಗಳಿದ್ದವು: 1,420 ಮತ್ತು 104. ಗಾಡಿಗಳ ಜಾಹೀರಾತುಗಳನ್ನು ಬದಿಗಿಟ್ಟು, ಅವುಗಳ ಕೈಪಿಡಿಗಳನ್ನು ತೆರೆದೆ. ಜಾಹೀರಾತಿನ ದೊಡ್ಡ ಅಂಕಿ ಬ್ರೇಕ್ ಇರುವ ಟ್ರೈಲರಿಗೆ ಸಂಬಂಧಿಸಿದ್ದು. ಟ್ರೈಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದೇ ಗಾಡಿಯ ಮಿತಿ ಎಷ್ಟೋ ಕೆಳಗಿರುತ್ತದೆ. ಹಲವು ದೇಶಗಳಲ್ಲಿ 750 ಕಿಲೋ ದಾಟಿದ ಟ್ರೈಲರಿಗೆ ಬ್ರೇಕ್ ಕಡ್ಡಾಯ. ಬಾಲ್ ಮೇಲೆ ಎಷ್ಟು ಹೇರಬಹುದೆಂಬ ಮಿತಿ ಬೇರೆ, ಗಾಡಿಯೊಂದೇ ಜನ ಸಾಮಾನು ಸಮೇತ ಎಷ್ಟು ತೂಗಬಹುದೆಂಬ ಮಿತಿ ಬೇರೆ, ಗಾಡಿ ಮತ್ತು ಟ್ರೈಲರು ಕೂಡಿ ಎಷ್ಟು ತೂಗಬಹುದೆಂಬ ಮಿತಿ ಇನ್ನೊಂದು. ಈ ನಾಲ್ಕರಲ್ಲಿ ಯಾವುದನ್ನು ಮೀರಿದರೂ ಮೀರಿದಂತೆಯೇ. ಮತ್ತು ಮಾರುವವರು ಹೇಳುವುದು ಯಾವಾಗಲೂ ಇವುಗಳಲ್ಲಿ ಎಳೆಯುವ ಮಿತಿಯೊಂದನ್ನು ಮಾತ್ರ.

ಅದಕ್ಕಿಂತ ಸೂಕ್ಷ್ಮವಾದ ಸಂಗತಿಯೆಂದರೆ, ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳ ಸಾಮರ್ಥ್ಯ ಒಂದೇ ಆಗಿರಬೇಕೆಂದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚಿನ ಗೇರ್ ಅನುಪಾತ, ಕಾರ್ಖಾನೆಯಲ್ಲೇ ಅಳವಡಿಸಿದ ದೊಡ್ಡ ರೇಡಿಯೇಟರ್ ಹಾಗೂ ಗೇರ್‌ಬಾಕ್ಸ್ ಎಣ್ಣೆಯ ಕೂಲರ್ ಇವೆಯೋ ಇಲ್ಲವೋ ಎಂಬುದರ ಮೇಲೆ ಅಂಕಿ ಸಾವಿರ ಕಿಲೋಗೂ ಮೀರಿ ಏರುಪೇರಾಗಬಹುದು. ಹಿಂದೆ ಹಿಚ್ ಇದೆ ಎಂದ ಮಾತ್ರಕ್ಕೆ ಉಳಿದವೆಲ್ಲ ಇವೆ ಎಂದಲ್ಲ. ಹಿಚ್ಚನ್ನು ಯಾರು ಬೇಕಾದರೂ ಅರ್ಧ ದಿನದಲ್ಲಿ ಕೂಡಿಸಬಲ್ಲರು. ಹಳೆಯ ಗಾಡಿಗಳಲ್ಲಿ ಇನ್ನೊಂದು ತೊಡಕು: ಉತ್ತರ ಅಮೆರಿಕದ ಮಾರುಕಟ್ಟೆಯ ಗಾಡಿಗಳಿಗೆ ಎಳೆಯುವ ಸಾಮರ್ಥ್ಯವನ್ನು ಪ್ರತಿ ತಯಾರಕರೂ ತಮ್ಮದೇ ರೀತಿಯಲ್ಲಿ ನಿಗದಿ ಮಾಡುತ್ತಿದ್ದ ಕಾಲವೊಂದಿತ್ತು. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಎಂಬ ಸಮಾನ ಮಾನದಂಡ 2008ರಲ್ಲಿ ಬಂತು; ಟೊಯೋಟಾ ಅದನ್ನು 2011ರ ಮಾದರಿಗಳಿಂದ ಅನುಸರಿಸಿತು, ದೊಡ್ಡ ಪಿಕಪ್ ತಯಾರಕರು 2015ರ ಮಾದರಿಗಳ ಹೊತ್ತಿಗೆ ಒಪ್ಪಿಕೊಂಡರು. ಆ ಪರೀಕ್ಷೆಯಲ್ಲಿ ಬಿಸಿ ಹವೆಯಲ್ಲಿ ಏಸಿ ಹಾಕಿಕೊಂಡೇ ದೀರ್ಘ ಏರನ್ನು ನಿಗದಿತ ವೇಗ ಬಿಡದೆ ಹತ್ತಬೇಕು, ಶೇಕಡಾ 12ರ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು. ಹೀಗಾಗಿ ಅದಕ್ಕಿಂತ ಹಿಂದಿನ ಗಾಡಿಯ ಅಂಕಿಯನ್ನೂ ಆಮೇಲಿನದರ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ನಾನು ಎರಡು ವಾರ ಮಾಡಿದ್ದು ಅದನ್ನೇ.

ಮೊದಲು ನೋಡಿದ್ದು ಅಚ್ಚುಕಟ್ಟಾದ, ಕಾರಿನಂಥದೇ ಮೈಕಟ್ಟಿನ ಒಂದು ಎಸ್‌ಯುವಿ. ಮನೆಯವರೆಲ್ಲರಿಗೂ ಮೆಚ್ಚುಗೆಯಾಗಿತ್ತು, ಬ್ರೇಕ್ ಇರುವ ಟ್ರೈಲರಿಗೆ 1,500 ಕಿಲೋ ಮಿತಿ, ನಮ್ಮದು 1,420, ಸರಿಹೋಗುತ್ತದಲ್ಲ ಎಂದು ಹೆಂಡತಿಯೂ ಹೇಳಿದಳು. ಆದರೆ ಬಾಲ್ ಮೇಲಿನ ಮಿತಿ 75 ಕಿಲೋ, ನಮ್ಮದು 104. ಅದು ಹೋಗಲಿ ಎಂದರೂ, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ತಗಡಿನಲ್ಲಿರುವ, ಗಾಡಿ ಒಟ್ಟು ತೂಗಬಹುದಾದ ಅಂಕಿಯಿಂದ ಗಾಡಿಯ ಖಾಲಿ ತೂಕವನ್ನು ಕಳೆದರೆ ಅದು ಹೊರಬಹುದಾದದ್ದು 430 ಕಿಲೋ ಮಾತ್ರ. ನಾವು ನಾಲ್ವರು ಕೂಡಿ 260, ಡಿಕ್ಕಿಯ ಸಾಮಾನು 60, ಹಿಚ್ಚಿನ ಕಬ್ಬಿಣ 25, ಬಾಲ್ ಮೇಲಿನ 104, ಕೂಡಿಸಿದರೆ 449. ಟ್ರೈಲರಿನ ಮೂತಿಯ ಭಾರ ಗಾಡಿಯ ಬೆನ್ನ ಮೇಲೇ ಬೀಳುವುದರಿಂದ ಅದೂ ಹೊರೆಯ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಗಮನಿಸದೆ ಕೊಂಡು, ಎಳೆಯುವ ಮಿತಿಯೊಳಗೇ ಇದ್ದೇವೆಂಬ ನೆಮ್ಮದಿಯಲ್ಲಿ ಹೊರುವ ಮಿತಿಯನ್ನು ಮೀರಿ ಓಡಾಡುವವರು ಬಹಳ ಮಂದಿ ಇರಬೇಕು. ಎಳೆಯುವುದಕ್ಕಿಂತ ಹೊರುವುದೇ ಇಂಥ ಗಾಡಿಗಳಿಗೆ ಕಷ್ಟ. ಅದರ ಗೇರ್‌ಬಾಕ್ಸ್ ಸಿವಿಟಿ ಮಾದರಿಯದು ಬೇರೆ. ಉಕ್ಕಿನ ಪಟ್ಟಿ ಅಥವಾ ಸರಪಳಿಯ ಹಿಡಿತದಿಂದ ಶಕ್ತಿ ಸಾಗಿಸುವ ಆ ವ್ಯವಸ್ಥೆ ದಿನನಿತ್ಯದ ಓಡಾಟಕ್ಕೆ ನಯವಾದರೂ ಭಾರ ಎಳೆಯುತ್ತ ದೀರ್ಘ ಏರು ಹತ್ತುವಾಗ ಬೇಗ ಕಾಯುತ್ತದೆ.

ಅದಲ್ಲದೆ ಮುಂದಿನ ಚಕ್ರಗಳಿಂದ ಓಡುವ ಗಾಡಿ ಅದು. ದೋಣಿಯನ್ನು ನೀರಿಗಿಳಿಸುವ ರ‍್ಯಾಂಪುಗಳ ಇಳಿಜಾರು ಸಾಮಾನ್ಯವಾಗಿ ಶೇಕಡಾ 12ರಿಂದ 15ರಷ್ಟಿರುತ್ತದೆ, ನೀರಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ದೋಣಿಯನ್ನು ಮೇಲಕ್ಕೆ ಎಳೆಯುವಾಗ ಇಳಿಜಾರಿನಿಂದಾಗಿ ಭಾರವೆಲ್ಲ ಹಿಂದಿನ ಅಚ್ಚಿನ ಕಡೆಗೆ ಸರಿಯುತ್ತದೆ, ಟ್ರೈಲರಿನ ಮೂತಿ ಹಿಂಭಾಗವನ್ನು ಇನ್ನಷ್ಟು ಒತ್ತುತ್ತದೆ, ತಿರುಗಬೇಕಾದ ಮುಂದಿನ ಚಕ್ರಗಳು ಹಗುರಾಗಿ ಇದ್ದಲ್ಲೇ ಗಿರಕಿ ಹೊಡೆಯುತ್ತವೆ. ಹೀಗೆ ಸಿಕ್ಕಿಕೊಂಡ ಗಾಡಿಯೊಂದನ್ನು ನಾಲ್ಕು ಜನ ಬಾನೆಟ್ಟಿನ ಮೇಲೆ ಕುಳಿತು ಪಾರುಮಾಡಿದ್ದನ್ನು ನಾನೇ ನೋಡಿದ್ದೆ, ನಗು ಬಂದಿತ್ತು. ಕೊಳ್ಳುವ ಸರದಿ ನನ್ನದಾದಾಗ ನಗು ಬರಲಿಲ್ಲ.

ಎರಡನೆಯದು ಅದಕ್ಕೆ ತದ್ವಿರುದ್ಧ. ಏಣಿಯಾಕಾರದ ಚಾಸಿಯ ಮೇಲೆ ಕೂತ, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ, ನನ್ನ ದೋಣಿಯಂಥ ಎರಡನ್ನು ಎಳೆಯಬಲ್ಲ ಹಳೆಯ ಪಿಕಪ್. ಬೆಲೆ ಅನುಮಾನ ಬರುವಷ್ಟು ಕಡಿಮೆ. ಇಂಧನ ಬಹಳ ಕುಡಿಯುವ ಗಾಡಿಗಳು ಅಗ್ಗವಾಗಿ ಸಿಗುವುದುಂಟು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡಿಸುವವನಿಗೆ ಅದೊಂದು ದೊಡ್ಡ ದೋಷವೂ ಅಲ್ಲ. ಬಣ್ಣ ಮಿರುಗುತ್ತಿತ್ತು, ಒಳಗೆ ಸುಗಂಧ ಹೊಡೆದಿದ್ದರು. "ಎಳೆದದ್ದೇ ಅಪರೂಪ, ಹಿಚ್ ಸುಮ್ಮನೆ ಇದೆ" ಎಂದರು ಮಾಲೀಕರು.

ಮೆಕ್ಯಾನಿಕ್ ಮಾತಿಗೆ ನಿಲ್ಲದೆ ನೇರವಾಗಿ ಹಿಂದಕ್ಕೆ ಹೋಗಿ ಹಿಚ್ಚಿನ ಚೌಕ ಕೊಳವೆಯೊಳಗೆ ಬೆರಳಾಡಿಸಿದರು. ಪಿನ್ನು ತೂರಿಸುವ ರಂಧ್ರ ದುಂಡಗಿರಲಿಲ್ಲ. ಎಳೆದೆಳೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬಾಲಿನ ನೆತ್ತಿ ಸವೆದು ಹೊಳೆಯುತ್ತಿತ್ತು. ಟ್ರೈಲರ್ ದೀಪಗಳ ತಂತಿಯ ಪ್ಲಗ್ಗಿನಲ್ಲಿ ಹಸಿರು ಕಿಲುಬು. ಅದನ್ನೇನೂ ಆಡಿ ತೋರಿಸದೆ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ, ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹಿಂದಕ್ಕೆ ಸರಿದರು. ಮುಂಭಾಗದಲ್ಲಿ ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಚಕ್ರದ ಮೇಲ್ಭಾಗಕ್ಕೆ ಬಂದಾಗ ದಪ್ ಎಂದು ಮಂಕಾಯಿತು. ಅಲ್ಲಿ ಹೊಸದಾಗಿ ಬಳಿದ ಕಪ್ಪು ಡಾಂಬರಿನಂಥ ಲೇಪವನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ತುದಿ ಒಳಕ್ಕೆ ಹೊಕ್ಕಿತು. ಲೀಫ್ ಸ್ಪ್ರಿಂಗುಗಳನ್ನು ತೂಗುಹಾಕುವ ಶ್ಯಾಕಲ್‌ಗಳು ಪದರ ಪದರವಾಗಿ ಏಳುತ್ತಿದ್ದವು. ಹಿಂದಿನ ಬ್ರೇಕಿನ ಕೊಳವೆಯ ಮೇಲೆ ತುಕ್ಕಿನ ಗಂಟುಗಳಿದ್ದವು.

ಉಪ್ಪುನೀರಿನ ರ‍್ಯಾಂಪಿನಲ್ಲಿ ಹಿಂಬದಿಯನ್ನು ಮತ್ತೆ ಮತ್ತೆ ಅದ್ದಿ, ಸಿಹಿನೀರಿನಿಂದ ತೊಳೆಯದೆ ಬಿಟ್ಟ ಗಾಡಿಯ ಲಕ್ಷಣ ಅದು. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಗೇರ್‌ಬಾಕ್ಸ್ ಹೋದರೆ ಬೇರೆಯದನ್ನು ಕೂಡಿಸಬಹುದು. ಹಿಚ್ಚು ಕಚ್ಚಿಕೊಂಡಿರುವ ಚಾಸಿಯ ಹಿಂತುದಿಯೇ ಕೊಳೆತಿದ್ದರೆ ಆ ಗಾಡಿ ಎಳೆಯುವ ಕೆಲಸಕ್ಕೆ ಮುಗಿದ ಹಾಗೆ. ಅಂದಿನಿಂದ ನಾನು ಯಾವ ಗಾಡಿಯನ್ನೂ ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ ನೋಡುವ ಕ್ರಮವಿಟ್ಟುಕೊಂಡೆ. ಹೊಸದಾಗಿ ಕಪ್ಪು ಬಳಿದ ಅಡಿಭಾಗ ಕಂಡರೆ ಈಗಲೂ ಬೆರಳು ತಾನಾಗಿಯೇ ಸ್ಕ್ರೂಡ್ರೈವರ್ ಹುಡುಕುತ್ತದೆ.

ಮೂರನೆಯದರ ಮೇಲೆ ನನಗೆ ನಿಜಕ್ಕೂ ಮನಸ್ಸಾಗಿತ್ತು. ಡೀಸೆಲ್ ಎಂಜಿನ್, ನಾಲ್ಕು ಚಕ್ರದ ಚಾಲನೆ, ಚಾಸಿಯಲ್ಲಿ ಒಂದು ಚುಕ್ಕೆ ತುಕ್ಕಿಲ್ಲ, ಎಲ್ಲ ಅಂಕಿಗಳೂ ನಮ್ಮ ಅಗತ್ಯಕ್ಕಿಂತ ಬಹಳ ಮೇಲೆ. ಊರೊಳಗೆ ಓಡಿಸಿ ನೋಡಿ, ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ಮೆಕ್ಯಾನಿಕ್ ತಡೆದು, ಉದ್ದನೆಯ ಏರುದಾರಿಯೊಂದಕ್ಕೆ ಗಾಡಿಯನ್ನು ತಿರುಗಿಸಲು ಹೇಳಿದರು. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ, ರಸ್ತೆಯಲ್ಲಿ ಸಣ್ಣ ಸಣ್ಣ ಉಬ್ಬುಗಳಿರುವಂತೆ ಗಾಡಿ ನಡುಗಿತು. ರಸ್ತೆಯೇನೋ ನುಣ್ಣಗಿತ್ತು. ಮತ್ತೊಮ್ಮೆ ಒತ್ತಿದರೆ ಮತ್ತದೇ ನಡುಕ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆಯಲ್ಲಿ ಜಾರಿದಷ್ಟೂ ಶಕ್ತಿ ಶಾಖವಾಗುತ್ತದೆ. ಆದ್ದರಿಂದ ವೇಗ ಹಿಡಿದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಕಚ್ಚಿಕೊಂಡು ಜಾರುವಿಕೆಯನ್ನು ನಿಲ್ಲಿಸುತ್ತದೆ. ಭಾರ ಎಳೆಯುತ್ತ ಏರು ಹತ್ತುವಾಗ ಆ ಕ್ಲಚ್ ಕಚ್ಚುವುದು, ಬಿಡುವುದು ಪದೇ ಪದೇ ನಡೆಯುತ್ತ, ಎಣ್ಣೆ ಕಾದು, ತನ್ನ ಗುಣ ಕಳೆದುಕೊಂಡು, ಕೊನೆಗೆ ಕ್ಲಚ್ ಸರಿಯಾಗಿ ಹಿಡಿಯದೆ ಹೀಗೆ ನಡುಗುತ್ತದೆ. ಗಾಡಿ ನಿಲ್ಲಿಸಿ ಗೇರ್‌ಬಾಕ್ಸಿನ ಅಳತೆಕಡ್ಡಿಯನ್ನು ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಹೊಸದಿದ್ದಾಗ ಕೆಂಪಗಿರಬೇಕಾದ ಎಣ್ಣೆ ಕಂದು ಕಪ್ಪಾಗಿತ್ತು. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಅಳತೆಕಡ್ಡಿಯೇ ಇಲ್ಲದ ಗಾಡಿಗಳಲ್ಲಿ ಈ ಪರೀಕ್ಷೆ ಸುಲಭವಲ್ಲ. ಅಂಥಲ್ಲಿ ರೋಗಪತ್ತೆಯ ಸ್ಕ್ಯಾನರನ್ನು ಜೋಡಿಸಿ ಏರಿನಲ್ಲಿ ಎಣ್ಣೆಯ ತಾಪ ನೋಡಬೇಕು. ಅದು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 120 ದಾಟಿ ಅಲ್ಲೇ ನಿಂತರೆ ಎಣ್ಣೆಯ ಆಯುಸ್ಸು ಬೇಗ ಕರಗುತ್ತದೆ.

ಮಾಲೀಕರು ಬೆಲೆ ಇಳಿಸಲು ಒಪ್ಪಿದರು. ಎಣ್ಣೆ ಬದಲಿಸಿದರೆ ಸರಿಹೋಗಬಹುದು ಎಂದು ನನ್ನ ಮನಸ್ಸೂ ಅವರ ಕಡೆಗೇ ವಾದಿಸುತ್ತಿತ್ತು. ಆದರೆ ಗೇರ್‌ಬಾಕ್ಸಿನ ಪುನರ್‌ನಿರ್ಮಾಣದ ಖರ್ಚನ್ನು ವಿಚಾರಿಸಿ ನೋಡಿದರೆ ಅದು ಗಾಡಿಯ ಬೆಲೆಯ ಮೂರನೆಯ ಒಂದು ಭಾಗವನ್ನೂ ದಾಟಿತು. ಬೆಲೆ ಇಳಿಸಿದ್ದು ಅದರ ಕಾಲು ಪಾಲೂ ಅಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಕೊನೆಗೆ ಬೇಡವೆಂದೆ. ಈ ಹುಡುಕಾಟದಲ್ಲಿ ನನಗೆ ಅತಿ ಕಷ್ಟವಾದ ಕೆಲಸ ಅದೇ.

ಇಷ್ಟರಲ್ಲಿ ಮೂರು ತಿಂಗಳು ಕಳೆದಿದ್ದವು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಗೋಜೇ ಬೇಡ, ಕೈಯಿಂದ ಹಾಕುವ ಗೇರಿನದೇ ಕೊಳ್ಳೋಣ ಎಂಬ ಯೋಚನೆಯೂ ನಡುವೆ ಬಂತು. ಅದರಲ್ಲಿ ಎಣ್ಣೆ ಕಾಯುವ ಭಯ ಕಡಿಮೆ ನಿಜ. ಆದರೆ ರ‍್ಯಾಂಪಿನ ಏರಿನಲ್ಲಿ ದೋಣಿಯನ್ನು ನಿಂತಲ್ಲಿಂದ ಎತ್ತುವಾಗ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯಬೇಕಾಗುತ್ತದೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕ್ಲಚ್ ಸುಡುತ್ತದೆ. ಲೋ ರೇಂಜ್, ಅಂದರೆ ಚಕ್ರಗಳನ್ನು ನಿಧಾನವಾಗಿ ಆದರೆ ಹೆಚ್ಚು ಬಲದಿಂದ ತಿರುಗಿಸುವ ಗೇರು, ಇರುವ ನಾಲ್ಕು ಚಕ್ರದ ಚಾಲನೆಯಾದರೆ ಮಾತ್ರ ಆ ತೊಂದರೆ ತಪ್ಪುತ್ತದೆ.

ನಾಲ್ಕನೆಯದು, ಕೊನೆಗೆ ಕೊಂಡದ್ದು, ನೋಡಲು ಏನೇನೂ ಚೆಲುವಿಲ್ಲದ ಡೀಸೆಲ್ ಎಸ್‌ಯುವಿ. ಹನ್ನೊಂದು ವರ್ಷ ಹಳೆಯದು, 2,10,000 ಕಿಲೋಮೀಟರ್ ಓಡಿತ್ತು, ಒಂದು ಬಾಗಿಲಿನ ಬಣ್ಣ ಉಳಿದ ಬಾಗಿಲುಗಳಿಗಿಂತ ಒಂದು ಛಾಯೆ ಬೇರೆ. ಓಡಿದ ದೂರ ಕೇಳಿಯೇ ನಾನು ಮುಖ ತಿರುಗಿಸಿದ್ದೆ. ಆದರೆ ಮಾಲೀಕರು ಸರ್ವಿಸ್ ಮಾಡಿಸಿದ ಪ್ರತಿ ಚೀಟಿಯನ್ನೂ ಕಡತದಲ್ಲಿ ಜೋಡಿಸಿಟ್ಟಿದ್ದರು. ಗೇರ್‌ಬಾಕ್ಸಿನ ಎಣ್ಣೆ ಮೂರು ಸಲ ಬದಲಾಗಿತ್ತು, ಟೈಮಿಂಗ್ ಬೆಲ್ಟ್ ಎರಡು ಸಲ. ಅರ್ಧದಷ್ಟೇ ಓಡಿ, ಏನೂ ದಾಖಲೆಯಿಲ್ಲದೆ ಬಂದ ಆ ಮೂರನೆಯ ಗಾಡಿಗಿಂತ ಹೆದ್ದಾರಿಯಲ್ಲಿ ಹದವಾಗಿ ಓಡಿ, ಹೊತ್ತು ಹೊತ್ತಿಗೆ ಎಣ್ಣೆ ಕಂಡ ಗಾಡಿಯೇ ವಾಸಿ ಎಂದು ಮೆಕ್ಯಾನಿಕ್ ಹೇಳಿದರು. ಅವರ ಸುತ್ತಿಗೆಗೆ ಚಾಸಿ ಉದ್ದಕ್ಕೂ ಟಣ್ ಎಂದಿತು.

ಅಂಕಿಗಳೂ ಕೂಡಿಬಂದವು. ಖಾಲಿ ತೂಕ 1,950, ಹೊರುವ ಮಿತಿ 650, ಬ್ರೇಕ್ ಇರುವ ಟ್ರೈಲರಿಗೆ 2,500, ಬಾಲ್ ಮೇಲೆ 250. ನಮ್ಮ 449 ಕಿಲೋ ಹೇರಿದ ಮೇಲೂ ಇನ್ನೂರು ಉಳಿಯುತ್ತದೆ. ಎಳೆಯುವ ಭಾರ ಗಾಡಿಯ ಖಾಲಿ ತೂಕದ ಶೇಕಡಾ 85ರ ಒಳಗಿದ್ದರೆ ಹೊಸಬರಿಗೆ ಕ್ಷೇಮ ಎಂದು ಬ್ರಿಟನ್ನಿನ ಕ್ಯಾರವಾನ್ ಬಳಕೆದಾರರ ನಡುವೆ ಒಂದು ರೂಢಿಯ ಮಾತಿದೆ. ನಮ್ಮದು ಶೇಕಡಾ 73. ಕಾರ್ಖಾನೆಯ ಹಿಚ್ ಇತ್ತು, ಗೇರ್‌ಬಾಕ್ಸಿಗೆ ಪ್ರತ್ಯೇಕ ಕೂಲರ್ ಇತ್ತು. ಅಷ್ಟಕ್ಕೇ ಒಪ್ಪದೆ, ನನ್ನದೇ ಟ್ರೈಲರನ್ನು ಕಟ್ಟಿ ಓಡಿಸಿ ನೋಡುತ್ತೇನೆಂದು ಸಂಕೋಚ ಬಿಟ್ಟು ಕೇಳಿದೆ. ಮಾಲೀಕರು ಪಕ್ಕದಲ್ಲೇ ಕುಳಿತು ಬರುವುದಾದರೆ ಸರಿ ಎಂದರು. ಏರಿನಲ್ಲಿ ಗೇರ್‌ಬಾಕ್ಸ್ ಎಣ್ಣೆ 96 ಡಿಗ್ರಿಗೆ ಏರಿ, ಬಯಲಿಗೆ ಬಂದ ಹತ್ತು ನಿಮಿಷದಲ್ಲಿ ಇಳಿಯಿತು. ನಡುಕವಿಲ್ಲ, ಎಂಜಿನ್ ಬಿಸಿಯ ಮುಳ್ಳು ಅಲುಗಲಿಲ್ಲ. ಅಂದೇ ಮುಂಗಡ ಕೊಟ್ಟೆ.

ಗಾಡಿಗೆಂದು ಎತ್ತಿಟ್ಟ ಹಣದ ಐದನೆಯ ಒಂದು ಭಾಗವನ್ನು ನಾನು ಮುಟ್ಟದೆ ಉಳಿಸಿಕೊಂಡಿದ್ದೆ. ಅದೆಲ್ಲ ಮೊದಲ ತಿಂಗಳಲ್ಲೇ ಖರ್ಚಾಯಿತು. ಬ್ರೇಕ್ ಪ್ಯಾಡು, ಡಿಸ್ಕು, ಬ್ರೇಕ್ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ, ಕೂಲೆಂಟ್ ಎಲ್ಲವನ್ನೂ ಬದಲಿಸಿದೆವು. ಟೈರುಗಳು ನೋಡಲು ಚೆನ್ನಾಗಿದ್ದರೂ ಅವುಗಳ ಮೇಲಿನ ಭಾರಸೂಚಿ 100 ಎಂದಿತ್ತು, ಅಂದರೆ ಒಂದೊಂದು ಟೈರು 800 ಕಿಲೋ ಹೊರಬಲ್ಲದು. ತಯಾರಕರು ಹೇಳಿದ್ದು 112, ಅಂದರೆ 1,120 ಕಿಲೋ. ಯಾರೋ ಅಗ್ಗದ ಕಾರಿನ ಟೈರುಗಳನ್ನು ಹಾಕಿದ್ದರು. ಟ್ರೈಲರಿನ ಟೈರುಗಳ ಕಥೆ ಇನ್ನೊಂದು ರೀತಿ: ಗೀರು ಮಾಸಿರಲಿಲ್ಲ, ಆದರೆ ಪಕ್ಕದ ನಾಲ್ಕಂಕಿಯ ಸಂಕೇತದಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುದರಿಂದ, ಅವು ಹತ್ತು ವರ್ಷ ದಾಟಿದ್ದು ತಿಳಿಯಿತು. ಟ್ರೈಲರಿನ ಬ್ರೇಕ್ ಮೂತಿ ಗಾಡಿಯ ಹಿಂಬದಿಗೆ ಒತ್ತಿಕೊಂಡಾಗ ತಾನಾಗಿಯೇ ಹಿಡಿಯುವ ಮಾದರಿಯದು. ಅದರ ಕೊಳವೆಗಳನ್ನೂ ಹೊಸದು ಮಾಡಿಸಿದೆವು. ವಿಮೆ, ನೋಂದಣಿಗಳ ವಿಚಾರ ದೇಶ ದೇಶಕ್ಕೆ ಬೇರೆ. ಗಾಡಿ ಮತ್ತು ಟ್ರೈಲರಿನ ಒಟ್ಟು ತೂಕಕ್ಕೆ ನಮ್ಮ ಚಾಲನಾ ಪರವಾನಗಿ ಸಾಲುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ಪ್ರಯಾಣದ ದಿನ ಬಾಲಿನ ಕೆಳಗೆ ಸುರಕ್ಷತಾ ಸರಪಳಿಗಳನ್ನು ಅಡ್ಡಡ್ಡವಾಗಿ ಕಟ್ಟಿದೆ. ಮೂತಿ ಕಳಚಿದರೂ ಅದು ರಸ್ತೆಗೆ ಬೀಳದೆ ಆ ಸರಪಳಿಯ ತೊಟ್ಟಿಲಲ್ಲಿ ಕೂರಲೆಂದು ಈ ಏರ್ಪಾಡು. ಜನ, ಸಾಮಾನು, ದೋಣಿ ಎಲ್ಲ ಸೇರಿ ಸುಮಾರು 3,700 ಕಿಲೋ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಭಾರವನ್ನು ಮೇಲಕ್ಕೆತ್ತುವುದಕ್ಕೇ 48 ಕಿಲೋವ್ಯಾಟ್, ಅಂದರೆ 65 ಅಶ್ವಶಕ್ತಿ ಬೇಕು. ಗಾಳಿಯನ್ನೂ ಟೈರಿನ ಘರ್ಷಣೆಯನ್ನೂ ಎದುರಿಸಲು ಬೇಕಾದದ್ದು ಬೇರೆ. ನಾನು 60ಕ್ಕೆ ಇಳಿಸಿ, ಕೆಳಗಿನ ಗೇರಿನಲ್ಲೇ ಹತ್ತಿದೆ. ಇಳಿಯುವಾಗಲೂ ಅದೇ ಗೇರು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಆಗಾಗ ಗಟ್ಟಿಯಾಗಿ ಒತ್ತಿ ಬಿಡುತ್ತ ಬಂದೆ. ಹಿಂದೆ ಬರುತ್ತಿದ್ದವರಿಗೆ ಬೇಸರವಾಗಿರಬೇಕು.

ರ‍್ಯಾಂಪಿಗೆ ಬಂದು, ಟ್ರೈಲರಿನ ದೀಪದ ತಂತಿಯನ್ನು ಕಳಚಿ, ಚಕ್ರಗಳ ಹಬ್ಬುಗಳು ತಣಿಯಲೆಂದು ಅರ್ಧ ಗಂಟೆ ಕಾದೆ. ಬಿಸಿಯಾದ ಹಬ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಂಡು ಬೇರಿಂಗುಗಳನ್ನು ಕೆಡಿಸುತ್ತದೆ. ಸಂಜೆ ದೋಣಿಯನ್ನು ಹೊರತೆಗೆಯುವಾಗ ಲೋ ರೇಂಜ್ ಹಾಕಿ ಕಾಲನ್ನು ಮೆಲ್ಲಗೆ ಊರಿದೆ. ಪಾಚಿಯ ಮೇಲೆ ಒಂದು ಚಕ್ರವೂ ಜಾರದೆ ಗಾಡಿ ನೀರಿನಿಂದ ಆಚೆಗೆ ನಡೆದುಬಂತು. ಬಾನೆಟ್ಟಿನ ಮೇಲೆ ಯಾರನ್ನೂ ಕೂರಿಸಬೇಕಾಗಲಿಲ್ಲ.

ಹಂಗಾಮಿನ ಕೊನೆಗೆ ಗಾಡಿಯ ಹಿಂದಿನ ಡಿಫರೆನ್ಶಿಯಲ್ಲಿನ (ಅಚ್ಚಿನ ನಡುವಿನ ಗೇರುಗಳ ಗೂಡಿನ) ಎಣ್ಣೆ ಇಳಿಸಿದಾಗ ಮಾತ್ರ ಅದು ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಬಂತು. ಟ್ರೈಲರಿನ ಹಬ್ಬುಗಳನ್ನು ಅಷ್ಟು ಜತನದಿಂದ ತಣಿಸುತ್ತಿದ್ದ ನಾನು, ಗಾಡಿಯ ಹಿಂದಿನ ಅಚ್ಚೂ ಬಿಸಿಬಿಸಿಯಾಗಿಯೇ ನೀರಿಗಿಳಿಯುತ್ತಿದೆ ಎಂದು ಯೋಚಿಸಿರಲಿಲ್ಲ. ಅಚ್ಚಿನ ಮೇಲೆ ಗಾಳಿಯಾಡಲೆಂದಿರುವ ಸಣ್ಣ ಬ್ರೀದರಿನ ಕವಾಟ ಹಾಳಾಗಿ ನೀರನ್ನು ಒಳಕ್ಕೆ ಬಿಟ್ಟಿತ್ತು. ಮೆಕ್ಯಾನಿಕ್ ಅದಕ್ಕೆ ಒಂದು ಮೀಟರ್ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಹಿಂಬದಿಯ ದೀಪದ ಎತ್ತರಕ್ಕೆ ಒಯ್ದು ಕಟ್ಟಿಕೊಟ್ಟರು. ಎಣ್ಣೆಯನ್ನು ಎರಡು ಸಲ ತುಂಬಿಸಿ ಇಳಿಸಿದ ಮೇಲೆ ಬಣ್ಣ ತಿಳಿಯಾಯಿತು. ಮೂರನೆಯ ಸಲ ತುಂಬಿದ್ದನ್ನು ಮುಂದಿನ ಹಂಗಾಮಿನ ನಡುವೆ ಒಮ್ಮೆ ಬಿಚ್ಚಿ ನೋಡಬೇಕೆಂದು ಕಡತದಲ್ಲಿ ಬರೆದಿಟ್ಟಿದ್ದೇನೆ.